ಊನಕ್ಕೆ ಬೆಲೆಯುಂಟು, ಉಪಚಾರಕ್ಕೆ ಬೆಲೆಯಿಲ್ಲವೆ?

ದುಡಿಯುವವನ ಮೈಗೆ ನಮ್ಮ ದೇಶದ ಕಾನೂನು ಒಂದು ದರಪಟ್ಟಿ ಬರೆದಿಟ್ಟಿದೆ. ಹೆಬ್ಬೆರಳು ಹೋದರೆ ಸಂಪಾದನೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಾದರೆ 12. ಒಂದು ಕೈಯ ನಾಲ್ಕು ಬೆರಳು ಹೋದರೆ 50. ಒಂದು ಕಣ್ಣು ಸರಿಯಾಗಿದ್ದು ಇನ್ನೊಂದು ಹೋದರೆ 40. ಎರಡೂ ಕೈ ಹೋದರೆ ನೂರಕ್ಕೆ ನೂರು. 1923ರ ಕೆಲಸಗಾರರ ಪರಿಹಾರ ಕಾಯಿದೆಗೆ ಅಂಟಿಕೊಂಡು ಬಂದ ಪಟ್ಟಿ ಇದು. 2009ರ ತಿದ್ದುಪಡಿಯಲ್ಲಿ ಆ ಕಾಯಿದೆಯ ಹೆಸರು ನೌಕರರ ಪರಿಹಾರ ಕಾಯಿದೆ ಎಂದಾಯಿತು. 2025ರ ನವೆಂಬರ್ 21ರಿಂದ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಲೀನವಾಗಿದೆ. ಹೆಸರು ಎರಡು ಸಲ ಬದಲಾಯಿತು. ಅಳೆಯುವ ರೀತಿ ಮಾತ್ರ ಹಾಗೆಯೇ ಉಳಿದಿದೆ.

ಈ ಪಟ್ಟಿಯನ್ನು ನಾವು ಹೀಗಳೆಯುವುದಿಲ್ಲ. ಅದಕ್ಕೆ ಮುಂಚೆ ಗಾಯಗೊಂಡ ಕೂಲಿಕಾರ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿ, ತಪ್ಪು ಮಾಲೀಕನದೇ ಎಂದು ಸಾಬೀತು ಮಾಡಬೇಕಾಗಿತ್ತು. ಬೆಲ್ಟಿಗೆ ಕೈ ಸಿಕ್ಕವನು ಬ್ಯಾರಿಸ್ಟರನನ್ನು ಎಲ್ಲಿಂದ ತಂದಾನು? 1923ರ ಕಾಯಿದೆ ಆ ಹೊರೆಯನ್ನು ಇಳಿಸಿತು. ಅಪಘಾತವು ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಆಯಿತೆಂದು ತೋರಿಸಿದರೆ ಸಾಕು. ಮಾಲೀಕನ ಅಲಕ್ಷ್ಯವನ್ನು ತೋರಿಸಬೇಕಾಗಿಲ್ಲ. ಕಾರ್ಮಿಕನೇ ಸ್ವಲ್ಪ ಅಜಾಗರೂಕನಾಗಿದ್ದ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಕುಡಿದಿದ್ದ, ಬೇಕೆಂದೇ ರಕ್ಷಣೆಯ ಸಲಕರಣೆ ಕಿತ್ತಿದ್ದ ಎಂಬ ವಾದವಾದರೂ ಸಾವಿನಲ್ಲಾಗಲಿ ಶಾಶ್ವತವಾದ ಪೂರ್ಣ ಅಂಗವಿಕಲತೆಯಲ್ಲಾಗಲಿ ಮಾಲೀಕನನ್ನು ಕಾಪಾಡುವುದಿಲ್ಲ. ಇದು ದುಡಿಯುವ ವರ್ಗಕ್ಕೆ ದೊರೆತ ದೊಡ್ಡ ಹಕ್ಕು. ಆದರೆ ಈ ಹಕ್ಕು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಇಂದು ನಾವು ವಿಚಾರಿಸಬೇಕಾಗಿದೆ.

ಲೆಕ್ಕ ಹೀಗಿದೆ

ಮೊದಲು ಲೆಕ್ಕವನ್ನು ತಿಳಿಯೋಣ. ಲೆಕ್ಕ ತಿಳಿಯದವನಿಗೆ ನ್ಯಾಯ ಅರ್ಧವೇ ದೊರೆಯುತ್ತದೆ. ಶಾಶ್ವತವಾದ ಪೂರ್ಣ ಅಂಗವಿಕಲತೆಗೆ ತಿಂಗಳ ಮಜೂರಿಯ ನೂರಕ್ಕೆ 60 ಭಾಗವನ್ನು ವಯಸ್ಸಿಗೆ ಗೊತ್ತುಮಾಡಿದ ಒಂದು ಅಂಕಿಯಿಂದ ಗುಣಿಸಬೇಕು. ಸಾವಿಗಾದರೆ ನೂರಕ್ಕೆ 50 ಭಾಗ. ವಯಸ್ಸಿನ ಅಂಕಿ 30 ವರ್ಷಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಭಾಗಶಃ ಊನವಾದರೆ ಬಂದ ಮೊತ್ತದಲ್ಲಿ ಮೇಲೆ ಹೇಳಿದ ನೂರರ ಲೆಕ್ಕದಷ್ಟು ಪಾಲು. ಹೊಸ ಸಂಹಿತೆಯೂ ಈ 50, 60ರ ಅಳತೆಯನ್ನೇ ಇಟ್ಟುಕೊಂಡಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾರ್ಮಿಕ ನಿಜವಾಗಿ ಎಷ್ಟೇ ಗಳಿಸುತ್ತಿರಲಿ, ಲೆಕ್ಕಕ್ಕೆ ಹಿಡಿಯುವ ಮಜೂರಿಗೆ ಸರ್ಕಾರ ಒಂದು ಮೇಲ್ಮಿತಿ ಹಾಕುತ್ತದೆ. 2010ರ ಮೇ ತಿಂಗಳಲ್ಲಿ ಅದನ್ನು 8,000 ರೂಪಾಯಿ ಎಂದರು. ಬೇಳೆಯ ಬೆಲೆ ಏರಿತು, ಎಣ್ಣೆಯ ಬೆಲೆ ಏರಿತು, ಮನೆಬಾಡಿಗೆ ಏರಿತು. ಈ ಅಂಕಿ ಕದಲಲಿಲ್ಲ. 2020ರ ಜನವರಿ 3ರ ಅಧಿಸೂಚನೆಯಲ್ಲಿ ಅದು 15,000 ಆಯಿತು. ನಲವತ್ತು ವರ್ಷದ ಒಬ್ಬ ಗಿರಣಿ ಕಾರ್ಮಿಕ ತಿಂಗಳಿಗೆ 18,000 ದುಡಿಯುತ್ತಿದ್ದು ಹೆಬ್ಬೆರಳು ಕಳೆದುಕೊಂಡನೆನ್ನಿ. 8,000ದ ಮಿತಿಯಲ್ಲಿ ಅವನಿಗೆ ಬರುವುದು 2,65,205 ರೂಪಾಯಿ. 15,000ದ ಮಿತಿಯಲ್ಲಿ 4,97,259. ಅಪಘಾತ 2019ರ ಡಿಸೆಂಬರಿನಲ್ಲಿ ಆಗಿದ್ದರೆ ಒಂದು ಬೆಲೆ, 2020ರ ಫೆಬ್ರುವರಿಯಲ್ಲಿ ಆಗಿದ್ದರೆ ಇನ್ನೊಂದು ಬೆಲೆ! ಬೆರಳು ಅದೇ, ನೋವು ಅದೇ. ಹತ್ತು ವರ್ಷ ಆ ಮಿತಿಯನ್ನು ಕದಲಿಸದೆ ಬಿಟ್ಟವರು ಎಷ್ಟು ಮನೆಗಳ ಅನ್ನವನ್ನು ಕಡಿಮೆ ಮಾಡಿದರೆಂದು ಯಾರು ಲೆಕ್ಕ ಇಟ್ಟಿದ್ದಾರೆ?

ಇ.ಎಸ್.ಐ. ಇದ್ದವರ ದಾರಿ ಬೇರೆ. 1948ರ ಕಾಯಿದೆಯ ಆ ಯೋಜನೆ 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಗಿ ಕ್ರಮೇಣ ದೇಶಕ್ಕೆಲ್ಲ ಹಬ್ಬಿತು. ಅದರಲ್ಲಿ ವಿಮೆಯಾದ ಕಾರ್ಮಿಕನಿಗೆ ಪರಿಹಾರ ಕಾಯಿದೆಯ ಇಡಿಗಂಟಿಲ್ಲ. ಅದರ ಬದಲು ಜೀವವಿರುವವರೆಗೆ ತಿಂಗಳ ಹಣ. ಪೂರ್ಣ ಅಂಗವಿಕಲತೆಗೆ ಮಜೂರಿಯ ನೂರಕ್ಕೆ 90ರ ಪ್ರಮಾಣದಲ್ಲಿ, ಭಾಗಶಃ ಆದರೆ ವೈದ್ಯಕೀಯ ಮಂಡಳಿ ಗೊತ್ತುಮಾಡಿದ ನಷ್ಟದ ಪ್ರಮಾಣದಲ್ಲಿ. ಇದು ಇಡಿಗಂಟಿಗಿಂತ ಮೇಲು ಎಂಬುದೇ ನಮ್ಮ ಅಭಿಪ್ರಾಯ. ಇಡಿಗಂಟು ಸಾಲಗಾರನ ಕೈಗೆ, ಮದುವೆಯ ಖರ್ಚಿಗೆ, ನೆಂಟರ ಕೈಗಡಕ್ಕೆ ಕರಗಿಹೋಗುತ್ತದೆ. ತಿಂಗಳ ಹಣ ಒಲೆ ಉರಿಸುತ್ತದೆ. ಕೆಲಸದಿಂದಾದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಕಟ್ಟಳೆಯೂ ಅಲ್ಲಿಲ್ಲ. ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ ಬೆರಳು ಹೋದರೂ ಹಕ್ಕುಂಟು. ಆದರೆ ಹತ್ತು ಜನಕ್ಕಿಂತ ಕಡಿಮೆ ಇರುವ ಅನೇಕ ಕಾರ್ಖಾನೆಗಳು ಇದರ ಹೊರಗಿವೆ. ಮಜೂರಿಯ ಮಿತಿಯನ್ನು ದಾಟಿದವನೂ ಹೊರಗೆ. 2017ರ ಜನವರಿಯಲ್ಲಿ ಆ ಮಿತಿಯನ್ನು 15,000ದಿಂದ 21,000ಕ್ಕೆ ಏರಿಸಿದಾಗ ಒಳಗೆ ಬಂದ ಎಷ್ಟೋ ಜನ, ಮುಂದೆ ನಾಲ್ಕು ಕಾಸು ಹೆಚ್ಚು ಸಂಬಳ ಬಂದ ಕೂಡಲೆ ಮತ್ತೆ ಹೊರಗೆ ಬಿದ್ದರು.

ಒಂದೇ ಕೈ, ಮೂರು ಅಳತೆ

ಇನ್ನು ಊನವನ್ನು ಅಳೆಯುವ ವಿಚಾರ. ಒಂದೇ ಕೈಗೆ ನಮ್ಮಲ್ಲಿ ಮೂರು ಅಳತೆಗಳಿವೆ. ಸರ್ಕಾರಿ ಆಸ್ಪತ್ರೆಯ ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಒಂದು, ಕಾಯಿದೆಯ ಪಟ್ಟಿಯಲ್ಲಿ ಒಂದು, ನಿಜವಾದ ಬದುಕಿನಲ್ಲಿ ಇನ್ನೊಂದು. ಮಾಲೀಕನ ವಕೀಲ ಯಾವುದು ಕಡಿಮೆಯೋ ಅದನ್ನೇ ಹಿಡಿದುಕೊಳ್ಳುತ್ತಾನೆ. ಕಾರ್ಮಿಕ ಬಂಧುಗಳು ಎರಡು ತೀರ್ಪುಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದು 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಾಧೀಶರು ಕೊಟ್ಟದ್ದು. ಒರಿಸ್ಸಾದಲ್ಲಿ 1968ರಲ್ಲಿ ಒಂದು ಸಿನಿಮಾ ಮಂದಿರದ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಅವನ ಎಡಗೈಯನ್ನು ಕತ್ತರಿಸಬೇಕಾಯಿತು. ಹೋದದ್ದು ಒಂದೇ ಕೈ, ಇದು ಭಾಗಶಃ ಊನ ಎಂದು ಮಾಲೀಕ ವಾದಿಸಿದ. ಬಡಗಿಯ ಕೆಲಸ ಒಂದೇ ಕೈಯಿಂದ ಆಗುವುದಿಲ್ಲ, ಆದುದರಿಂದ ಅವನ ಪಾಲಿಗೆ ಇದು ಪೂರ್ಣ ಅಂಗವಿಕಲತೆ ಎಂದು ಕೋರ್ಟು ಹೇಳಿತು. ಪರಿಹಾರದ ಹೊಣೆ ಹುಟ್ಟುವುದು ಅಧಿಕಾರಿ ತೀರ್ಮಾನ ಕೊಟ್ಟ ದಿನವಲ್ಲ, ಅಪಘಾತವಾದ ದಿನವೇ ಎಂದೂ ಸ್ಪಷ್ಟಪಡಿಸಿತು. ಎರಡನೆಯದು 2010ರ ಅಕ್ಟೋಬರಿನದು. ಮೋಟಾರು ಅಪಘಾತದ ಮೊಕದ್ದಮೆ. ಕರ್ನಾಟಕದಿಂದಲೇ ಹೋಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಬರೆದ ಆ ತೀರ್ಪಿನ ಸಾರವಿಷ್ಟೆ: ವೈದ್ಯರು ಹೇಳುವ ದೇಹದ ಊನವೇ ಬೇರೆ, ಸಂಪಾದನೆಯ ನಷ್ಟವೇ ಬೇರೆ. ಕೈ ಕಳೆದುಕೊಂಡ ಡ್ರೈವರನ ಕಸಬು ಅಲ್ಲಿಗೆ ಮುಗಿಯಬಹುದು. ಅದೇ ಕೈ ಕಳೆದುಕೊಂಡ ಗುಮಾಸ್ತ ತನ್ನ ಕುರ್ಚಿಯಲ್ಲೇ ಮುಂದುವರಿಯಬಹುದು. ಆದುದರಿಂದ ಅರ್ಜಿ ಬರೆಸುವಾಗ "ಇಂತಿಷ್ಟು ಊನ" ಎಂದು ಬರೆಸಿದರೆ ಸಾಲದು. "ನಾನು ಮಾಡುತ್ತಿದ್ದ ಕೆಲಸ ಇದು, ಈ ಕೈಯಿಂದ ಅದು ಇನ್ನು ಆಗದು" ಎಂಬುದನ್ನು ಬರೆಸಬೇಕು. ಹತ್ತಿಯ ಧೂಳಿನಿಂದ ಬರುವ ಎದೆಯ ಬೇನೆಯೂ ಕಾಯಿದೆಯ ಪಟ್ಟಿಯಲ್ಲಿರುವ ಉದ್ಯೋಗಜನ್ಯ ರೋಗ. ಅದನ್ನು ಬರಿಯ ದಮ್ಮು ಎಂದು ಸಾಗಹಾಕಲು ಬಿಡಬಾರದು.

ಮನೆಯ ಮೂಲೆಯ ಮಂಚ

ಈಗ ಮೂಲ ಪ್ರಶ್ನೆಗೆ ಬರೋಣ. ಹತ್ತಿಯ ಅಂಡಿಗೆ ಬೆನ್ನಿನ ಮೇಲೆ ಬಿದ್ದು ಬೆನ್ನುಹುರಿ ಮುರಿದವನನ್ನು ತೆಗೆದುಕೊಳ್ಳಿ. ಸೊಂಟದ ಕೆಳಗೆ ಸ್ಪರ್ಶವಿಲ್ಲ. ಕೆಲವು ವಾರ ಆಸ್ಪತ್ರೆಯಲ್ಲಿಟ್ಟು ಮನೆಗೆ ಕಳಿಸುತ್ತಾರೆ. ಅಲ್ಲಿಂದ ಮುಂದೆ ಅವನಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗಿ, ಕೀವಾಗಿ, ಆ ಹುಣ್ಣೇ ಪ್ರಾಣ ತೆಗೆಯುತ್ತದೆ. ಮೂತ್ರದ ನಳಿಗೆಯನ್ನು ಶುಚಿಯಾಗಿಡಬೇಕು. ಮಲ ತೆಗೆಯಬೇಕು, ಮೈ ಒರೆಸಬೇಕು, ಉಣ್ಣಿಸಬೇಕು. ಇದು ಹಗಲು ರಾತ್ರಿಯ ಕೆಲಸ. ಇದಕ್ಕೆ ವಾರದ ರಜೆಯಿಲ್ಲ. ಯಾರು ಮಾಡುತ್ತಾರೆ? ಹೆಂಡತಿ, ಇಲ್ಲವೆ ತಾಯಿ, ಇಲ್ಲವೆ ಶಾಲೆ ಬಿಡಿಸಿದ ಮಗಳು. ಬೀಡಿ ಕಟ್ಟಿಯೋ, ಗಾರ್ಮೆಂಟಿಗೆ ಹೋಗಿಯೋ ಆ ಹೆಂಗಸು ತರುತ್ತಿದ್ದ ಕೂಲಿಯೂ ಅಂದಿಗೆ ನಿಂತಿತು. ಒಂದು ಅಪಘಾತ, ಎರಡು ಸಂಬಳಗಳ ನಷ್ಟ. ಕಾಯಿದೆ ಒಂದು ಸಂಬಳವನ್ನು ಮಾತ್ರ ಕಾಣುತ್ತದೆ.

2009ರ ತಿದ್ದುಪಡಿ ಒಂದು ಒಳ್ಳೆಯ ಕೆಲಸ ಮಾಡಿತು. ಗಾಯದ ಚಿಕಿತ್ಸೆಗೆ ನಿಜವಾಗಿ ತಗಲಿದ ವೆಚ್ಚವನ್ನು ಮಾಲೀಕ ಕೊಡಬೇಕೆಂದಿತು. ಆದರೆ ಔಷಧದ ಬಿಲ್ಲಿಗೆ ರಸೀತಿಯುಂಟು, ಹೆಂಡತಿಯ ಕೈಗೆ ರಸೀತಿಯೆಲ್ಲಿದೆ? ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಂ ಎಂದರೆ ಹತ್ತಿಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಬಿಲ್ಲು ಚುಕ್ತಾ ಆದೊಡನೆ ಮನೆಗೆ ಕಳಿಸುವ ಜಾಗ. ಎದ್ದು ಓಡಾಡಲಾರದವನನ್ನು ವರ್ಷಗಟ್ಟಲೆ ಇಟ್ಟುಕೊಂಡು ಆರೈಕೆ ಮಾಡುವ ಮನೆ ಬಡವನ ಕೈಗೆ ಎಟುಕುವಂತೆ ಎಲ್ಲಿಯೂ ಇಲ್ಲ.

ಇದಕ್ಕಿಂತ ವಿಚಿತ್ರವಾದ ಒಂದು ಸಂಗತಿಯಿದೆ. 2007ರಲ್ಲಿ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಾಗ ಅಪಘಾತಕ್ಕೆ ಸಿಕ್ಕಿ ನೂರಕ್ಕೆ ನೂರು ಊನಳಾದ ಹನ್ನೆರಡು ವರ್ಷದ ಬಾಲಕಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2020ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಆಕೆಗೆ ಹಗಲಿಗೊಬ್ಬರು ರಾತ್ರಿಗೊಬ್ಬರು ಎಂದು ಇಬ್ಬರು ಆರೈಕೆಯವರು ಬೇಕು, ತಲಾ 5,000ದಂತೆ ತಿಂಗಳಿಗೆ 10,000 ಎಂದು ಹಿಡಿದು, 18 ವರ್ಷಗಳ ಗುಣಕದಿಂದ ಗುಣಿಸಿ, ಆರೈಕೆಯೊಂದಕ್ಕೇ 21,60,000 ರೂಪಾಯಿ ಕೊಡಿಸಿತು. ತಾಯಿತಂದೆಯರು ಆರೈಕೆ ಮಾಡುತ್ತಾರಲ್ಲ ಎಂದು ಅದನ್ನು ಸೊನ್ನೆಗೆ ಇಳಿಸಲಿಲ್ಲ. ಮೋಟಾರು ವಾಹನ ಕಾಯಿದೆ "ನ್ಯಾಯವಾದ ಪರಿಹಾರ" ಎಂದು ವಿಶಾಲವಾಗಿ ಹೇಳಿರುವುದರಿಂದ ಇದು ಸಾಧ್ಯವಾಯಿತು.

ಹಾಗಾದರೆ ಕೇಳುತ್ತೇವೆ: ಗಿರಣಿಯ ಗೇಟಿನ ಹೊರಗೆ ಲಾರಿ ಬಡಿದು ಬೆನ್ನು ಮುರಿದರೆ ಆರೈಕೆಗೆ ಬೆಲೆಯುಂಟು, ಗೇಟಿನ ಒಳಗೆ ಅಂಡಿಗೆ ಬಿದ್ದು ಅದೇ ಬೆನ್ನು ಮುರಿದರೆ ಅದಕ್ಕೆ ಒಂದು ಬಿಡಿಗಾಸೂ ಇಲ್ಲ. ಮೈ ಒಂದೇ, ಹುಣ್ಣು ಒಂದೇ, ರಾತ್ರಿಯೆಲ್ಲ ಎದ್ದು ಕೂರುವ ಹೆಂಗಸು ಒಬ್ಬಳೇ. ಗೇಟಿನ ಹೊರಗಿನ ಪ್ರಜೆಗೆ ಒಂದು ನ್ಯಾಯ, ಒಳಗಿನ ಪ್ರಜೆಗೆ ಇನ್ನೊಂದು ನ್ಯಾಯವೆ? ಪಟ್ಟಿಯ ಅನುಕೂಲವೆಂದರೆ ಹಣ ಬೇಗ ಕೈಸೇರುವುದು ಎನ್ನುತ್ತಾರೆ. ಅದಾದರೂ ನಿಜವೆ? ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರ 2003ರ ಏಪ್ರಿಲಿನಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸತ್ತ. ಪರಿಹಾರದ ಅಧಿಕಾರಿ 2009ರಲ್ಲಿ ಸುಮಾರು 3 ಲಕ್ಷ 26 ಸಾವಿರ ಕೊಡಿಸಿದರು. ದಾರಿಯ ಸಾವು ಕೆಲಸದ ಸಾವಲ್ಲವೆಂದು ಹೈಕೋರ್ಟು 2011ರಲ್ಲಿ ಅದನ್ನು ರದ್ದುಮಾಡಿತು. ಸುಪ್ರೀಂ ಕೋರ್ಟು ಅದನ್ನು ಮತ್ತೆ ಎತ್ತಿಹಿಡಿದದ್ದು 2025ರ ಜುಲೈಯಲ್ಲಿ. ಇಪ್ಪತ್ತೆರಡು ವರ್ಷ! ಇಂದು ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಹೋಗುವ, ಬರುವ ದಾರಿಯ ಅಪಘಾತವೂ ಸೇರಿದೆ ಎಂಬುದು ಸಮಾಧಾನದ ಮಾತು. ಆದರೆ ಸತ್ತವನ ಮಕ್ಕಳು ಈ ಸಮಾಧಾನಕ್ಕೆ ಕಾಯುತ್ತಲೇ ದೊಡ್ಡವರಾದರು.

ಖರ್ಚು ಹೆಚ್ಚೀತೆಂಬ ಕೂಗು

ಆರೈಕೆಗೂ ಹಣ ಕೊಡಬೇಕೆಂದರೆ ಉದ್ಯಮದ ಖರ್ಚು ಹೆಚ್ಚುತ್ತದೆ ಎಂದು ಮಾಲೀಕ ವರ್ಗ ಕೂಗುವುದನ್ನು ನಾವು ಬಲ್ಲೆವು. ನಮ್ಮ ಉತ್ತರ ಸರಳವಾದದ್ದು. ಆ ಖರ್ಚು ಹೊಸದಾಗಿ ಹುಟ್ಟುವುದಲ್ಲ, ಈಗಲೂ ಇದೆ. ಅಪಘಾತವಾದ ಮರುದಿನದಿಂದಲೇ ಯಾರೋ ಅದನ್ನು ಭರಿಸುತ್ತಿದ್ದಾರೆ. ಉದ್ಯಮ ಭರಿಸಬೇಕಾದದ್ದನ್ನು ಕಾರ್ಮಿಕನ ಹೆಂಡತಿ ನಿದ್ದೆಗೆಟ್ಟು ಭರಿಸುತ್ತಿದ್ದಾಳೆ. ಯಾರು ಕೊಡಬೇಕು ಎಂಬುದಷ್ಟೇ ಪ್ರಶ್ನೆ.

ಇದು ಎಲ್ಲೂ ಇಲ್ಲದ ಬೇಡಿಕೆಯೂ ಅಲ್ಲ. ಬ್ರಿಟನ್ನಿನಲ್ಲಿ ಆಟ್ಲಿಯ ಲೇಬರ್ ಸರ್ಕಾರ 1946ರಲ್ಲಿ ಮಾಡಿದ ಕೈಗಾರಿಕಾ ಗಾಯಗಳ ವಿಮಾ ಕಾನೂನಿನಲ್ಲಿ, ನಿರಂತರ ಆರೈಕೆ ಬೇಕಾದ ಕಾರ್ಮಿಕನಿಗೆ ಪ್ರತ್ಯೇಕ ಭತ್ಯೆ ಇಟ್ಟಿತು. 1948ರ ಜುಲೈಯಿಂದ ಅದು ಜಾರಿಗೆ ಬಂದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1964ರ 121ನೆಯ ಒಡಂಬಡಿಕೆಯ 16ನೆಯ ವಿಧಿಯೂ ಇದನ್ನೇ ಹೇಳುತ್ತದೆ: ಇನ್ನೊಬ್ಬರ ಸತತ ಸಹಾಯ ಬೇಕಾದ ಅಂಗವಿಕಲನಿಗೆ ಹೆಚ್ಚಿನ ನೆರವು ಕೊಡತಕ್ಕದ್ದು. ಭಾರತ ಸರ್ಕಾರ ಆ ಒಡಂಬಡಿಕೆಗೆ ಸಹಿ ಹಾಕಿಲ್ಲ. ಸಮಾಜವಾದದ ಹೆಸರು ಹೇಳಿದ ಸರ್ಕಾರಗಳೂ ಹಾಕಲಿಲ್ಲ, ಹೇಳದ ಸರ್ಕಾರಗಳೂ ಹಾಕಲಿಲ್ಲ.

ಇಲ್ಲಿ ನಮ್ಮ ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಕಾರ್ಮಿಕನ ಗಾಯ ಕಾರ್ಮಿಕನ ಮನೆಯಲ್ಲೇ ನಿಲ್ಲುವುದಿಲ್ಲ. ಮೂರು ತಿಂಗಳ ಉದ್ದರಿ ನಿಮ್ಮ ಖಾತೆಯ ಪುಸ್ತಕದಲ್ಲಿ ಬರುತ್ತದೆ. ಕಾನೂನಿನ ಹಣ ಆ ಮನೆಗೆ ಬಾರದಿದ್ದರೆ ಅದರ ಪಾಲು ನೀವೂ ತೆರುತ್ತೀರಿ. ಮೇಲಾಗಿ ಒಂದು ಟೆಂಪೊ ಇಟ್ಟುಕೊಂಡು ಡ್ರೈವರು, ಕ್ಲೀನರು ಇಟ್ಟವನೂ ಕಾನೂನಿನ ಕಣ್ಣಿಗೆ ಮಾಲೀಕನೇ. ಹತ್ತು ಲಕ್ಷದ ಹೊಣೆ ಒಂದು ದಿನ ತಲೆಯ ಮೇಲೆ ಬಿದ್ದರೆ ದೊಡ್ಡ ಗಿರಣಿಯವನು ತಡೆದಾನು, ನೀವು ಅಂಗಡಿ ಮಾರಬೇಕಾದೀತು. ಆದುದರಿಂದ ವಿಮೆಯನ್ನು ಶಿಕ್ಷೆಯೆಂದು ತಿಳಿಯಬೇಡಿ. ನೂರು ಜನ ಸೇರಿ ಹೊತ್ತರೆ ಹಗುರ, ಒಬ್ಬನೇ ಹೊತ್ತರೆ ಸೊಂಟ ಮುರಿಯುತ್ತದೆ. ನಾಲ್ಕೈದು ಜನರನ್ನಿಟ್ಟುಕೊಂಡ ಸಣ್ಣ ಅಂಗಡಿ, ಸಣ್ಣ ಕಾರ್ಖಾನೆಗಳಿಗೂ ಇ.ಎಸ್.ಐ. ಬಾಗಿಲು ತೆರೆಯಬೇಕು, ಅವರ ವಂತಿಗೆಯ ಒಂದು ಭಾಗವನ್ನು ಸರ್ಕಾರ ಕೊಡಬೇಕು ಎಂಬುದು ಕಾರ್ಮಿಕರಷ್ಟೇ ನಿಮ್ಮದೂ ಆದ ಬೇಡಿಕೆ.

ನಮ್ಮ ಬೇಡಿಕೆಗಳು

ನಾವು ಕೇಳುವುದು ಇಷ್ಟು. ಒಂದು: ಇ.ಎಸ್.ಐ.ಯಲ್ಲಿಯೂ ಪರಿಹಾರದ ಲೆಕ್ಕದಲ್ಲಿಯೂ ಆರೈಕೆಯ ಭತ್ಯೆ ಸೇರಬೇಕು. ಅದು ಆರೈಕೆ ಮಾಡುವವರ ಹೆಸರಿಗೇ ಬರಬೇಕು. ಎರಡು: ಮಜೂರಿಯ ಮಿತಿ ಮಂತ್ರಿಗಳ ಮರ್ಜಿಗೆ ಕಾಯದೆ, ಬೆಲೆಗಳ ಸೂಚ್ಯಂಕದೊಡನೆ ವರ್ಷ ವರ್ಷವೂ ಏರಬೇಕು. ಮೂರು: ಪೂರ್ಣ ಅಂಗವಿಕಲನಾದವನಿಗೆ ಇಡಿಗಂಟಿನ ಬದಲು ಜೀವನಪರ್ಯಂತ ತಿಂಗಳ ಹಣ ಪಡೆಯುವ ಆಯ್ಕೆ ಎಲ್ಲರಿಗೂ ಇರಬೇಕು. ನಾಲ್ಕು: ಜಿಲ್ಲೆಗೊಂದಾದರೂ ದೀರ್ಘ ಆರೈಕೆಯ ವಾರ್ಡು ಇ.ಎಸ್.ಐ. ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೆರೆಯಬೇಕು. ಐದು: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 20ನೆಯ ಪ್ರಕರಣದ ಪ್ರಕಾರ, ಸೇವೆಯಲ್ಲಿರುವಾಗ ಊನಗೊಂಡ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ಗಿರಣಿಯಲ್ಲಿ ಕೈ ಕಳೆದುಕೊಂಡವನಿಗೂ ಆ ರಕ್ಷಣೆ ಏಕಿರಬಾರದು?

ಬೇಡಿಕೆ ಈಡೇರುವವರೆಗೆ ಇರುವ ಹಕ್ಕನ್ನಾದರೂ ಬಿಟ್ಟುಕೊಡಬಾರದು. ಗಾಯವಾದ ದಿನವೇ ಕಾರ್ಖಾನೆಯ ಅಪಘಾತದ ಪುಸ್ತಕದಲ್ಲಿ ಬರೆಸಿ. ಆಸ್ಪತ್ರೆಯಲ್ಲಿ "ಮನೆಯಲ್ಲಿ ಬಿದ್ದ" ಎಂದು ಬರೆಸಲು ಮಾಲೀಕನ ಕಡೆಯವರು ಹೇಳಿದರೆ ಒಪ್ಪಬೇಡಿ. ಎಲ್ಲಿ, ಯಾವ ಯಂತ್ರದಲ್ಲಿ ಎಂಬುದನ್ನೇ ಬರೆಸಿ. ಮಾಲೀಕನಿಗೆ ಲಿಖಿತ ನೋಟೀಸು ಕೊಟ್ಟು ನಕಲು ಇಟ್ಟುಕೊಳ್ಳಿ. ಪರಿಹಾರದ ಅರ್ಜಿ ಅಪಘಾತವಾದ ಎರಡು ವರ್ಷದೊಳಗೆ ಬೀಳಲೇಬೇಕು. ನಾಳೆ ನಾಳೆ ಎಂದು ಹೇಳಿ ಆ ಎರಡು ವರ್ಷವನ್ನು ಕಳೆಯುವುದೇ ಎಷ್ಟೋ ಮಾಲೀಕರ ಉಪಾಯ. ಒಂದು ತಿಂಗಳೊಳಗೆ ಹಣ ಕೊಡದ ಮಾಲೀಕ ನೂರಕ್ಕೆ 12ರ ಬಡ್ಡಿ ತೆರಬೇಕು, ಕಾರಣವಿಲ್ಲದೆ ತಡಮಾಡಿದರೆ ನೂರಕ್ಕೆ 50ರವರೆಗೆ ದಂಡವೂ ಉಂಟು. ಗುತ್ತಿಗೆದಾರನ ಆಳು ಎಂದು ತಳ್ಳಿಹಾಕಿದರೆ ಮುಖ್ಯ ಮಾಲೀಕನ ಮೇಲೆಯೇ ಅರ್ಜಿ ಹಾಕಬಹುದು. ಇ.ಎಸ್.ಐ. ವಂತಿಗೆಯನ್ನು ಮಾಲೀಕ ಕಟ್ಟಿಲ್ಲವೆಂದರೂ ಕೈಚೆಲ್ಲಬೇಡಿ. ಕಾರ್ಮಿಕನಿಗೆ ಕೊಟ್ಟು ಮಾಲೀಕನಿಂದ ವಸೂಲು ಮಾಡುವ ಅಧಿಕಾರ ನಿಗಮಕ್ಕಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ರಾಜಿಯ ಕಾಗದ. ಇಪ್ಪತ್ತು ಸಾವಿರ ನೋಟು ಎಣಿಸಿ, "ಇನ್ನು ಯಾವ ಹಕ್ಕೂ ಇಲ್ಲ" ಎಂದು ಬರೆದ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಊರಿಗೆ ಹೊಸದಲ್ಲ. ಕಾನೂನು ಕೊಟ್ಟ ಪರಿಹಾರವನ್ನು ಬಿಟ್ಟುಕೊಡುವ ಕರಾರು ಕಾನೂನಿನ ಎದುರು ಅನೂರ್ಜಿತ. ಅಂಥ ಕಾಗದಕ್ಕೆ ಈಗಾಗಲೇ ಸಹಿ ಹಾಕಿದವರೂ ಹೆದರಬೇಕಾಗಿಲ್ಲ. ಅವಧಿ ಮೀರಿಲ್ಲದಿದ್ದರೆ ಅರ್ಜಿ ಹಾಕಬಹುದು. ಸಂಘದ ಕಚೇರಿಗೆ ಬನ್ನಿ, ಕಾಗದಪತ್ರಗಳನ್ನು ತನ್ನಿ. ಮನೆಯಲ್ಲಿ ಮಲಗಿರುವವನು ಬರಲಾರ. ಅವನ ಮನೆಯಾಕೆಯನ್ನು ಕರೆತನ್ನಿ. ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದ ಆ ತಾಯಿಯ ದುಡಿಮೆಯನ್ನು ಕಾನೂನಿನ ಪುಸ್ತಕದಲ್ಲಿ ಬರೆಸುವವರೆಗೆ ನಮ್ಮ ಹೋರಾಟ ಅರ್ಧದಲ್ಲೇ ನಿಂತಿದೆ ಎಂದು ತಿಳಿಯಬೇಕು.